ರಾಣಿ ಹಾಲು ಕರೆದ ನಾಲ್ಕು ತಿಂಗಳು

ಮೊದಲ ದಿನ ಅರವತ್ತು ಬಟ್ಟಲಿಗೆ ಜೇನಿನ ಮರಿ ಇಟ್ಟಿದ್ದೆ. ಮರುದಿನ ಪೆಟ್ಟಿಗೆ ತೆರೆದು ನೋಡಿದರೆ ಜೇನುನೊಣಗಳು ನಾಲ್ಕನ್ನು ಮಾತ್ರ ಒಪ್ಪಿಕೊಂಡಿದ್ದವು. ಉಳಿದ ಐವತ್ತಾರನ್ನು ನೆಕ್ಕಿ, ಒರೆಸಿ, ಹಬ್ಬಕ್ಕೆ ತೊಳೆದಿಟ್ಟ ಪಾತ್ರೆಗಳ ಹಾಗೆ ಸ್ವಚ್ಛ ಮಾಡಿಟ್ಟಿದ್ದವು. ನಾನು ಸೂಜಿಯನ್ನು ಬೈದೆ, ಬಟ್ಟಲಿನ ಪ್ಲಾಸ್ಟಿಕ್ಕನ್ನು ಬೈದೆ, ಪೆಟ್ಟಿಗೆ ಮಾಡಿಕೊಟ್ಟ ಬಡಿಗನನ್ನೂ ಬಿಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತಪ್ಪು ಇದ್ದದ್ದು ನನ್ನ ಕಣ್ಣಿನಲ್ಲಿ. ಅದನ್ನು ಒಪ್ಪಿಕೊಳ್ಳಲು ನನಗೆ ಇನ್ನೂ ಎರಡು ವಾರ ಬೇಕಾಯಿತು.

ಜೇನುಪೆಟ್ಟಿಗೆ ಇಟ್ಟುಕೊಡುವುದು, ಇಟ್ಟುಕೊಂಡವರಿಗೆ ಕಲಿಸುವುದು ನನ್ನ ಕಸುಬು. ಚಿಕ್ಕೋಡಿಯಿಂದ ಅಥಣಿಯವರೆಗೆ ಎಲ್ಲರೂ ನನ್ನನ್ನು ಮಾಸ್ತರ ಎಂದೇ ಕರೆಯುತ್ತಾರೆ. ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ಸತ್ತಿಯ ಹತ್ತಿರದ ದ್ರಾಕ್ಷಿ ತೋಟದ ಮಾಲಕರು ನನ್ನನ್ನು ಕರೆಸಿಕೊಂಡರು. ಹೊಳೆಯ ಕಡೆ ಅವರದು ಕಬ್ಬು, ಮೇಲಿನ ಹೊಲದಲ್ಲಿ ದ್ರಾಕ್ಷಿ. ನಲವತ್ತು ದಾಟದ ವಯಸ್ಸು, ಒಂದು ಕಡೆ ಕೂತು ಗೊತ್ತಿಲ್ಲದ ಮನುಷ್ಯ. ಮೊಬೈಲಿನಲ್ಲಿ ರಾಯಲ್ ಜೆಲ್ಲಿಯ ವಿಡಿಯೋ ನೋಡಿದ್ದರು.

"ಚೀನಾದಾಗ ಮಾಡ್ತಾರ, ಥಾಯ್ಲಂಡದಾಗ ಮಾಡ್ತಾರ. ನಮ್ಮ ಸತ್ತ್ಯಾಗ ಯಾಕ ಆಗಂಗಿಲ್ರಿ ಮಾಸ್ತರ?" ಅಂದರು. "ನಾಲ್ಕು ತಿಂಗಳ ಮಾಡಿ ನೋಡ್ರಿ. ಆಗತೈತೋ ಇಲ್ಲೋ, ಒಂದ ಮಾತಿನ್ಯಾಗ ಹೇಳ್ರಿ. ಆಗತೈತಿ ಅಂದ್ರ ಅಂಕಲಿ ಕಡೆ, ಕಾಗವಾಡ ಕಡೆ ಹೆಣ್ಣಮಕ್ಕಳಿಗೆ ಇನ್ನೂರು ಪೆಟ್ಟಿಗಿ ಹಂಚೂಣು. ಅವರು ಹಾಲು ತಗದು ಕೊಡ್ಲಿ, ಮಾರೂದು ನನ್ನ ಜವಾಬ್ದಾರಿ."

ರಾಯಲ್ ಜೆಲ್ಲಿ ಅಂದರೆ ಜೇನುತುಪ್ಪವಲ್ಲ. ಎಳೆಯ ನೊಣಗಳ ತಲೆಯೊಳಗಿನ ಗ್ರಂಥಿಯಿಂದ ಬರುವ ಬೆಳ್ಳನೆಯ ರಸ ಅದು. ಮುಂದೆ ರಾಣಿಯಾಗಬೇಕಾದ ಮರಿಗೆ ಅದೇ ಊಟ. ಆ ರಸ ಬೇಕೆಂದರೆ ನೊಣಗಳನ್ನು ನಂಬಿಸಬೇಕು. ರಾಣಿಯನ್ನು ಕೆಳಗಿನ ಅಂತಸ್ತಿನಲ್ಲಿ ಜಾಲರಿ ಹಾಕಿ ತಡೆಯುತ್ತೇವೆ. ಮೇಲಿನ ಅಂತಸ್ತಿನ ನೊಣಗಳಿಗೆ ರಾಣಿಯ ವಾಸನೆ ಕಡಿಮೆಯಾಗಿ, ಹೊಸ ರಾಣಿ ಬೇಕು ಅನ್ನಿಸುತ್ತದೆ. ಆಗ ಒಂದು ದಿನವೂ ತುಂಬದ ಮರಿಗಳನ್ನು ಸೂಜಿಯ ತುದಿಯಲ್ಲಿ ಎತ್ತಿ ಪುಟ್ಟ ಬಟ್ಟಲುಗಳಲ್ಲಿ ಇಟ್ಟು, ಬಟ್ಟಲು ಜೋಡಿಸಿದ ಪಟ್ಟಿಯನ್ನು ಒಳಗೆ ಇಳಿಸುತ್ತೇವೆ. ಒಪ್ಪಿದ ಬಟ್ಟಲಿಗೆ ನೊಣಗಳು ರಸ ತುಂಬುತ್ತಲೇ ಹೋಗುತ್ತವೆ. ಸರಿಯಾಗಿ ಮೂರನೆಯ ದಿನ ಪಟ್ಟಿ ಹೊರಗೆ ತೆಗೆದು, ಮರಿಯನ್ನು ಚಿಮಟದಿಂದ ಎತ್ತಿ ಬಿಸಾಡಿ, ಕೆಳಗಿನ ರಸವನ್ನು ಬಳಿದುಕೊಳ್ಳುವುದು. ಒಂದು ಬಟ್ಟಲಿಗೆ ಕಡಲೆಕಾಳಿನಷ್ಟು ಸಿಕ್ಕರೆ ದೊಡ್ಡದು. ಒಂದು ದಿನ ತಡವಾದರೆ ಮರಿಯೇ ಅದನ್ನು ತಿಂದು ಮುಗಿಸಿರುತ್ತದೆ.

ಒಟ್ಟು ಮೂವತ್ತು ಪೆಟ್ಟಿಗೆ ಇಟ್ಟೆವು. ಇಪ್ಪತ್ತನಾಲ್ಕು ಮಾಲಕರವು, ಉಳಿದ ಆರು ಕುರಿ ಕಾಯುವ ಮನೆಯ ಒಬ್ಬ ಅಕ್ಕನವು. ನಮ್ಮ ತುಡುವೆ ಜೇನು ಇಷ್ಟು ರಸ ಕೊಡುವುದಿಲ್ಲ. ಆದ್ದರಿಂದ ಎಲ್ಲವೂ ಜನ ಇಟಾಲಿಯನ್ ಹುಳ ಎಂದು ಕರೆಯುವ ದೊಡ್ಡ ಜಾತಿಯವು.

ಈ ಅಕ್ಕನ ಬಗ್ಗೆ ಇಲ್ಲೇ ಹೇಳಬೇಕು. ಅವಳ ಗಂಡನ ಕುರಿ ಹಿಂಡು ಸುಗ್ಗಿ ಮುಗಿದ ಮೇಲೆ ಊರು ಬಿಡುತ್ತದೆ. ಖಾಲಿ ಹೊಲಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿ ಕುರಿ ತರುಬಿ ನಿಲ್ಲಿಸುತ್ತ, ಹೊಲದಿಂದ ಹೊಲಕ್ಕೆ ನಡೆಯುತ್ತ, ಮಳೆ ಹಿಡಿದ ಮೇಲೆ ವಾಪಸು. ಹಿಂದಿನ ವರ್ಷ ಆ ದಾರಿಯಲ್ಲಿ ಒಂದು ಕಾಲುವೆ ದಾಟುವಾಗ ಬಿದ್ದು ಎಡಗಾಲಿನ ಹರಡು, ಪಾದದ ಮೇಲಿನ ಕೀಲು, ಮುರಿದಿತ್ತು. ಎಲುಬು ಕೂಡಿತ್ತು, ಆದರೆ ನೆಟ್ಟಗೆ ಕೂಡಿರಲಿಲ್ಲ. ಸ್ವಲ್ಪ ನಡೆದರೆ ಕಾಲು ಕುಂಬಳಕಾಯಿಯ ಹಾಗೆ ಊದುತ್ತಿತ್ತು. ಆರು ಪೆಟ್ಟಿಗೆ ಇಟ್ಟುಕೊಂಡದ್ದೂ ಕೂತು ಮಾಡುವ ಕೆಲಸ ಅಂತಲೇ. ಮಾಲಕರು ಅವಳಿಗೆ ಮಾತು ಕೊಟ್ಟಿದ್ದರು: ಈ ಪ್ರಯೋಗ ಗೆದ್ದರೆ ವರ್ಷಪೂರ್ತಿ ತೋಟದಲ್ಲೇ ಕೂತು ಮರಿ ಇಡುವ ಕೆಲಸ. ಗೆಲ್ಲದಿದ್ದರೆ ಯುಗಾದಿ ಆದ ಮೇಲೆ ಮತ್ತೆ ಕುರಿಗಳ ಹಿಂದೆ ನಡಿಗೆ.

"ಹೆಂಗರ ಮಾಡಿ ಹೌದು ಅನಸ್ರಿ ಮಾಸ್ತರ್ರ" ಎಂದು ಮೊದಲನೆಯ ದಿನವೇ ನಗುತ್ತ ಹೇಳಿದ್ದಳು. "ಈ ಕಾಲು ನೀವು ಬರಿಯೂ ಕಾಗದದ ಮ್ಯಾಲ ನಿಂತೈತಿ."

ಮತ್ತೆ ಕಣ್ಣಿನ ವಿಷಯಕ್ಕೆ ಬರುತ್ತೇನೆ. ಒಂದು ದಿನದ ಮರಿ ಅಂದರೆ ಜೇನುಗೂಡಿನ ಕೋಣೆಯ ತಳದಲ್ಲಿ ಒಂದು ಹನಿ ಹಾಲಿನ ಮೇಲೆ ತೇಲುವ ಅಲ್ಪವಿರಾಮದಷ್ಟು. ಐವತ್ತು ದಾಟಿದ ನನಗೆ ಅದು ಕಾಣುತ್ತಿರಲಿಲ್ಲ. ಕಂಡದ್ದನ್ನು ಎತ್ತುತ್ತಿದ್ದೆ, ಕಂಡದ್ದೆಲ್ಲ ಎರಡು ದಿನ ತುಂಬಿದ ದೊಡ್ಡ ಮರಿ. ನೊಣಗಳಿಗೆ ಅದು ಕೂಡಲೇ ಗೊತ್ತಾಗುತ್ತಿತ್ತು. ಕಂಡಂತೆ ನಟಿಸುವ ಮಾಸ್ತರನಿಗಿಂತ ಕೆಟ್ಟ ಮಾಸ್ತರ ಇಲ್ಲ. ಮೂರನೆಯ ಸಲವೂ ಹಾಳಾದಾಗ ಪಕ್ಕದಲ್ಲಿ ಕೂತು ನೋಡುತ್ತಿದ್ದ ಅಕ್ಕ, "ಇತ್ತ ಕೊಡ್ರಿ" ಎಂದು ಸೂಜಿ ತೆಗೆದುಕೊಂಡಳು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿದ ಕೈ ಅದು.  ಮರಿಯ ಬೆನ್ನಿನ ಕಡೆಯಿಂದ ಸೂಜಿ ತೂರಿಸಿ, ಕೆಳಗಿನ ಹನಿಯ ಸಮೇತ ಎತ್ತಿ, ಬಟ್ಟಲಿನ ನಡುವೆ ಇಟ್ಟು ಹಿಂದಕ್ಕೆ ಎಳೆದುಕೊಂಡಳು. ಹತ್ತು ಬಟ್ಟಲು ಆಗುವಷ್ಟರಲ್ಲಿ ನನ್ನ ಅಭಿಮಾನ ಮೂಲೆ ಸೇರಿತ್ತು.

ಇನ್ನೊಂದು ತೊಂದರೆ ಗಾಳಿಯದು. ಚಳಿಗಾಲವಾದರೂ ಹಗಲು ಹೊತ್ತು ನಮ್ಮ ಕಡೆ ಗಾಳಿ ಒಣಗಾಳಿಯೇ. ಪೆಟ್ಟಿಗೆಯಿಂದ ಹೊರಗೆ ಬಂದ ಮರಿ ನೋಡುನೋಡುತ್ತಲೇ ಬಾಡುತ್ತಿತ್ತು. ಒಣದ್ರಾಕ್ಷಿ ಶೆಡ್ಡಿನ ಪಕ್ಕದ ಕೋಣೆಯ ಕಿಟಕಿಗೆ ಹಸಿ ಗೋಣಿತಾಟು ಕಟ್ಟಿದೆವು. ನೆಲಕ್ಕೆ ನೀರು ಚಿಮುಕಿಸಿದೆವು. ಇಟ್ಟ ಬಟ್ಟಲುಗಳ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಒಂದು ಪಟ್ಟಿ ತುಂಬಿದ ತಕ್ಷಣ ನಾನು ಅದನ್ನು ಹಿಡಿದುಕೊಂಡು ಪೆಟ್ಟಿಗೆಯ ಕಡೆ ಓಡುತ್ತಿದ್ದೆ. ಅಕ್ಕ ಕೂತಲ್ಲೇ ಕೂತು ಮುಂದಿನ ಪಟ್ಟಿ ಶುರು ಮಾಡುತ್ತಿದ್ದಳು. ಮಾಸ್ತರ ಓಡುವವನಾದ, ಕಲಿಯಲು ಬಂದವಳು ಕುರ್ಚಿಯ ಮೇಲೆ. ಮುಂದಿನ ಸಲ ಅರವತ್ತರಲ್ಲಿ ನಲವತ್ತೊಂದು ಬಟ್ಟಲು ಒಪ್ಪಿಗೆಯಾದವು. ನಾವಿಬ್ಬರೂ ಎರಡೆರಡು ಸಲ ಎಣಿಸಿದೆವು.

ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಒಂದು ವಾರ ಕಳೆಯುವಷ್ಟರಲ್ಲಿ ಮಾಲಕರ ಪೆಟ್ಟಿಗೆಗಳ ಮುಂಭಾಗದ ತುಂಬ ಕಂದು ಗೆರೆಗಳು ಕಾಣತೊಡಗಿದವು. ನೊಣಗಳಿಗೆ ಭೇದಿ ಹತ್ತಿತ್ತು. ಬಾಗಿಲಲ್ಲಿ ಹೊಟ್ಟೆ ಉಬ್ಬಿಸಿಕೊಂಡು ತೆವಳುತ್ತಿದ್ದವು. ರೋಗವೇ ಬಂತೆಂದು ನಾನು ಹೆದರಿ ಒಂದೊಂದೇ ಚೌಕಟ್ಟು ತೆಗೆದು ಪರೀಕ್ಷೆ ಮಾಡಿದೆ. ಕೊನೆಗೆ ಆಹಾರದ ಡಬ್ಬಿಯಲ್ಲಿ ಬೆರಳು ಅದ್ದಿ ನೆಕ್ಕಿದಾಗ ಗೊತ್ತಾಯಿತು. ನಾನು ಹೇಳಿದ ಸಕ್ಕರೆ ಪಾನಕ ಅಲ್ಲಿರಲಿಲ್ಲ. ಬೆಲ್ಲದ ನೀರು ಇತ್ತು.

ಮಾಲಕರನ್ನು ಕೇಳಿದರೆ ಅವರಿಗೆ ತಪ್ಪೆಂದೇ ಅನ್ನಿಸಿರಲಿಲ್ಲ.

"ಸಕ್ಕರಿ ಅಂದ್ರ ಬರೇ ಕೆಮಿಕಲ್ ರಿ. ಇದು ನಮ್ಮ ಗಾಣದ ಬೆಲ್ಲ, ಒಂದು ಚಮಚ ಔಷಧ ಹಾಕಿಲ್ಲ. ನನ್ನ ಮಕ್ಕಳಿಗೆ ಇದನ್ನ ಕೊಡ್ತೀನಿ. ಹುಳಕ್ಕ ಸಕ್ಕರಿ ಯಾಕ ಕೊಡ್ಬೇಕು?"

"ನಿಮ್ಮ ಕಬ್ಬು ಎಲ್ಲಿ ಹೋಗತೈತ್ರಿ?" ಎಂದು ಕೇಳಿದೆ.

"ಕಾರ್ಖಾನಿಗೆ."

"ಮತ್ತ?"

"ಅದು ಮಂದಿಗೆ ಬಿಡ್ರಿ" ಎಂದು ಅವರೇ ನಕ್ಕುಬಿಟ್ಟರು.

ಉಗಾರದ ಸಕ್ಕರೆ ಕಾರ್ಖಾನೆಯ ದಾರಿ ತುಂಬ ಕಬ್ಬಿನ ಟ್ರ್ಯಾಕ್ಟರುಗಳನ್ನು ಸಾಲುಗಟ್ಟಿ ಕಳಿಸುವ ಮನುಷ್ಯ ತನ್ನ ಮನೆಯ ಚಹಾಕ್ಕೆ ಬೆಲ್ಲವನ್ನೇ ಹಾಕುತ್ತಾನೆ. ನಮ್ಮ ಕಡೆ ಇದು ಹೊಸದಲ್ಲ. ಪ್ರೀತಿಯಿಂದಲೇ ಕೊಟ್ಟದ್ದು, ಅನುಮಾನವಿಲ್ಲ. ಆದರೆ ಬೆಲ್ಲದಲ್ಲಿರುವ ಮಣ್ಣಿನಂಶವನ್ನು ನೊಣದ ಹೊಟ್ಟೆ ಅರಗಿಸಿಕೊಳ್ಳುವುದಿಲ್ಲ. ಡಬ್ಬಿಗಳನ್ನೆಲ್ಲ ತೊಳೆದು, ಬೆಲ್ಲ ತುಂಬಿದ ಎರಿಗಳನ್ನು, ಅಂದರೆ ಮೇಣದ ತಟ್ಟೆಗಳನ್ನು, ಹೊರಗೆ ತೆಗೆದು, ಸಕ್ಕರೆ ಪಾನಕ ಹಾಕಿ ಪೆಟ್ಟಿಗೆಗಳನ್ನು ಸರಿಮಾಡಲು ಹದಿನೈದು ದಿನ ಹೋಯಿತು. ಅಕ್ಕನ ಆರು ಪೆಟ್ಟಿಗೆಗಳಿಗೆ ಏನೂ ಆಗಿರಲಿಲ್ಲ. ಅವು ತೋಟದ ಆಚೆ ಬದುವಿನ ಮೇಲಿದ್ದವು, ಮಾಲಕರ ಪ್ರೀತಿ ಅಲ್ಲಿಯವರೆಗೆ ತಲುಪಿರಲಿಲ್ಲ.

ಅಷ್ಟರಲ್ಲಿ ಬಿಳಿಜೋಳ ತೆನೆ ಒಡೆದು ಹೂ ಬಿಟ್ಟಿತ್ತು. ಬೆಳಗಾದರೆ ಸಾಕು, ನೊಣಗಳು ಕಾಲಿಗೆ ಪರಾಗ ಮೆತ್ತಿಕೊಂಡು ಬರುತ್ತಿದ್ದವು. ಎಳೆಯ ನೊಣ ಪರಾಗ ತಿಂದರೇ ತಲೆಯ ಗ್ರಂಥಿ ತುಂಬುವುದು, ತುಂಬಿದರೇ ರಸ. ಬಟ್ಟಲುಗಳು ತುಂಬತೊಡಗಿದವು. ಮರದ ಚಮಚದಲ್ಲಿ ಬಳಿದು, ತೆಳು ಜಾಲರಿಯಲ್ಲಿ ಸೋಸಿ, ಕಂದು ಗಾಜಿನ ಶೀಶೆಗೆ ಹಾಕಿ ಫ್ರೀಜರಿನಲ್ಲಿ ಇಡುತ್ತಿದ್ದೆವು. ಮೊದಲ ಶೀಶೆ ತುಂಬಿದ ದಿನ ಮಾಲಕರು ಬೆರಳ ತುದಿಯಲ್ಲಿ ರುಚಿ ನೋಡಿ ಮುಖ ಹಿಂಡಿದರು.

"ಮಜ್ಜಿಗಿ ಕೆಟ್ಟಂಗ ಐತಲ್ರಿ!"

ಅಕ್ಕನೂ ನಾಲಿಗೆಗೆ ಹಚ್ಚಿಕೊಂಡಳು. "ಹುಳಿ ಐತ್ರಿ, ನಾಲಿಗಿ ಚುರ್ ಅಂತೈತಿ. ರಾಣಿ ಹಾಲು ಅಲ್ರಿ, ಹಂಗ ಇರ್ತೈತಿ." ಅಂದಿನಿಂದ ನಮ್ಮಲ್ಲಿ ಅದರ ಹೆಸರು ರಾಣಿ ಹಾಲು ಎಂದಾಯಿತು. ಮಾಲಕರು ಮರುದಿನವೇ ನಿಪ್ಪಾಣಿಗೆ ಹೋಗಿ ಕಿರೀಟದ ಚಿತ್ರವಿದ್ದ ಲೇಬಲ್ ಅಚ್ಚು ಹಾಕಿಸಿ ತಂದರು. ಕೂಸು ಹುಟ್ಟುವ ಮುಂಚೆ ಕುಲಾವಿ. ಹೇಳಬೇಕೆಂದುಕೊಂಡೆ, ಆದರೆ ಅವರ ಉತ್ಸಾಹ ನೋಡಿ ಬಾಯಿ ಮುಚ್ಚಿಕೊಂಡೆ. ನಿಜ ಹೇಳಬೇಕೆಂದರೆ ನನಗೂ ಉಬ್ಬು ಬಂದಿತ್ತು.

ಆ ಉಬ್ಬು ಇಳಿದದ್ದು ಒಂದು ಸೋಮವಾರ. ಮೂರು ದಿನಕ್ಕೊಮ್ಮೆ ರಸ ತೆಗೆಯುವುದು, ಅದೇ ದಿನ ಹೊಸ ಮರಿ ಇಡುವುದು. ಹೀಗೆ ಬಿಡುವಿಲ್ಲದ ಚಕ್ರ ಹಾಕಿಕೊಂಡಿದ್ದೆ. ರಸ ತೆಗೆಯುವ ದಿನ ಮೊದಲ ಸಲ ಸೋಮವಾರ ಬಿದ್ದಿತ್ತು. ಅಕ್ಕ ಬರಲಿಲ್ಲ. ಕಾಲು ನೋವೇನೋ ಎಂದು ಗಾಬರಿಯಿಂದ ಅವಳ ಮನೆಗೆ ಹೋದರೆ ಅಂಗಳದಲ್ಲಿ ಆರಾಮಾಗಿ ಕೌದಿ ಹೊಲಿಯುತ್ತ ಕೂತಿದ್ದಳು.

"ಅಕ್ಕಾರ, ಇವತ್ತ ಹಾಲು ತಗಿಯೂ ದಿನ. ಯಾಕ ಬರಲಿಲ್ರಿ?"

"ಸೋಮವಾರ ಅಲ್ರಿ ಮಾಸ್ತರ್ರ. ಎತ್ತಿನ ಹೆಗಲ ಮ್ಯಾಲ ನೊಗ ಇಡಂಗಿಲ್ಲ."

"ಎತ್ತಿಂದು ಸರಿ. ಇವು ಹುಳಾ ರಿ."

"ಹುಳಾ ದುಡ್ಯಾಂಗಿಲ್ಲೇನ್ರಿ? ದುಡಿಯೂ ಪ್ರಾಣಿಗೆಲ್ಲಾ ಬಸವಣ್ಣನ ವಾರ ಒಂದು ದಿನ ಬಿಡುವು."

ನನಗೆ ಸಿಟ್ಟು ನೆತ್ತಿಗೇರಿತು. ಆ ಮೂವತ್ತು ಪೆಟ್ಟಿಗೆಗಳಲ್ಲಿ ಬಟ್ಟಲು ತುಂಬಿ ನಿಂತಿದ್ದವು, ಗಂಟೆ ಗಂಟೆಗೂ ಮರಿ ಅದನ್ನು ತಿನ್ನುತ್ತಿತ್ತು. "ಹಂಗಾದ್ರ ಹುಳಾ ಸೋಮವಾರ ಹೂವಿಗೆ ಹೋಗೂದು ಬಿಡತಾವೇನ್ರಿ?" ಎಂದು ಕೂಗಿದೆ. ಪಕ್ಕದ ಮನೆಯವರು ಹೊರಗೆ ಬಂದರು.

ಅಕ್ಕ ಸೂಜಿಯಿಂದ ಕಣ್ಣು ಎತ್ತಲಿಲ್ಲ. "ಎತ್ತೂ ಸೋಮವಾರ ಮೇಯತೈತ್ರಿ. ಅದು ತನ್ನ ಹೊಟ್ಟಿಗೆ. ನಾವು ಹೊಡಕೊಂಡು ದುಡಸೂದು ಬ್ಯಾರೆ."

 ನನ್ನ ಸಿಟ್ಟು ಇನ್ನೂ ಏರಿತು. ವಾಪಸು ಬಂದು ಮಾಲಕರನ್ನು ಕೂರಿಸಿಕೊಂಡು ಇಬ್ಬರೇ ಶುರು ಮಾಡಿದೆವು. ಅವರಿಗೆ ಕಣ್ಣು ಚೆನ್ನಾಗಿತ್ತು, ತಾಳ್ಮೆ ಇರಲಿಲ್ಲ. ನನಗೆ ತಾಳ್ಮೆ ಇತ್ತು ಎಂದುಕೊಂಡಿದ್ದೆ, ಕಣ್ಣು ಇರಲಿಲ್ಲ. ಮಧ್ಯಾಹ್ನದ ಬಿಸಿಲು ಏರುವಷ್ಟರಲ್ಲಿ ಅರ್ಧದಷ್ಟು ಪೆಟ್ಟಿಗೆಗಳು ಮಾತ್ರ ಮುಗಿದಿದ್ದವು. ಉಳಿದ ಬಟ್ಟಲುಗಳನ್ನು ಮರುದಿನ ತೆರೆದಾಗ ಮರಿ ಕೊಬ್ಬಿತ್ತು, ರಸ ಇರಲಿಲ್ಲ.

ಅಕ್ಕ ಇಲ್ಲದೆ ಕೆಲಸ ನಡೆಯದು, ಅಕ್ಕ ಸೋಮವಾರ ಪೆಟ್ಟಿಗೆ ಮುಟ್ಟಳು. ಒಂದು ಒಪ್ಪಂದಕ್ಕೆ ಬಂದೆವು. ಅವಳ ಆರು ಪೆಟ್ಟಿಗೆ ಅವಳ ವಾರದ ಪ್ರಕಾರ: ಮಂಗಳವಾರ ಮರಿ ಇಡುವುದು, ಶುಕ್ರವಾರ ರಸ ತೆಗೆಯುವುದು, ಆಮೇಲೆ ಸೋಮವಾರ ಮುಗಿಯುವವರೆಗೆ ಪೆಟ್ಟಿಗೆಯ ತಂಟೆಗೆ ಹೋಗುವಂತಿಲ್ಲ. ಮಾಲಕರ ಇಪ್ಪತ್ತನಾಲ್ಕು ನನ್ನ ಗಡಿಯಾರದ ಪ್ರಕಾರ, ಬಿಡುವಿಲ್ಲದೆ. ಸೋಮವಾರ ಬಿದ್ದ ದಿನ ನಾನೂ ಮಾಲಕರೂ ಕೂರುವುದು. ಮೂರು ವಾರ ಹೀಗೆ ನಡೆದಾಗ, ಒಂದೊಂದು ಪೆಟ್ಟಿಗೆಯ ಲೆಕ್ಕದಲ್ಲಿ, ನನ್ನ ಶೀಶೆಗಳು ಅವಳ ಶೀಶೆಗಳಿಗಿಂತ ಎರಡು ಪಟ್ಟು ಬೇಗ ತುಂಬುತ್ತಿದ್ದವು.

"ನೋಡ್ರಿ ಅಕ್ಕಾರ, ನಿಮ್ಮ ಬಸವಣ್ಣ ಸೋತ" ಎಂದು ಕೆಣಕಿದೆ.

"ಸುಗ್ಗಿ ಮುಗೀಲಿ ತಡೀರಿ" ಅಂದಳು.

ಸುಗ್ಗಿ ಮುಗಿಯಿತು. ಜೋಳ ಕಿತ್ತು ಕಣಕ್ಕೆ ಹೋಯಿತು, ಗೋವಿನಜೋಳವೂ ಹೋಯಿತು. ಕಣ್ಣು ಹಾಯಿಸಿದಷ್ಟು ದೂರ ಹಸಿರೇ ಇತ್ತು, ಆದರೆ ಎಲ್ಲ ಕಬ್ಬು. ಕಬ್ಬಿನ ಹಸಿರು ನೊಣಕ್ಕೆ ಹೊಟ್ಟೆ ತುಂಬಿಸುವುದಿಲ್ಲ. ಪರಾಗ ಸಿಗದ ನೊಣಗಳು ಗಾಣದ ಕಡೆ ಹಾರಿದವು. ಕುದಿಯುವ ಕೊಪ್ಪರಿಗೆಯ ಅಂಚಿನಲ್ಲಿ ರಾಶಿ ರಾಶಿ ಸತ್ತು ಬಿದ್ದದ್ದನ್ನು ಗಾಣದವರು ಜರಡಿಯಲ್ಲಿ ಎತ್ತಿ ತೋರಿಸಿದರು. ಬಿಸಿಲು ಏರಿತು. ಎಳೆಯ ನೊಣಗಳೂ ರಸ ಬಿಟ್ಟು ನೀರು ತರುವುದಕ್ಕೆ, ರೆಕ್ಕೆ ಬೀಸಿ ಗೂಡು ತಂಪು ಮಾಡುವುದಕ್ಕೆ ನಿಂತವು. ಸೋಯಾ ಹಿಟ್ಟಿಗೆ ಕೂಡಿಟ್ಟ ಪರಾಗ, ಸಕ್ಕರೆ ಕಲಸಿ ಉಂಡೆ ಮಾಡಿ ಕೊಟ್ಟೆ. ಎರಡು ದಿನ ತಿಂದವು. ಮೂರನೆಯ ದಿನ ಪುಡಿ ಮಾಡಿ ಬಾಗಿಲಿನ ಹೊರಗೆ ಎಸೆದವು. ಕರೆಂಟಿನ ಪಾಳಿ ಬದಲಾಗಿ ಒಂದು ದಿನ ಫ್ರೀಜರು ಬೆಚ್ಚಗಾಯಿತು, ನಾಲ್ಕು ಶೀಶೆ ರಸ ಹಳದಿಯಾಗಿ ವಾಸನೆ ಹಿಡಿಯಿತು.

ಇವೆಲ್ಲ ಪರಿಹಾರ ಇರುವ ತೊಂದರೆಗಳು ಎಂದೇ ನಾನು ನನಗೆ ಹೇಳಿಕೊಳ್ಳುತ್ತಿದ್ದೆ. ಆದರೆ ಒಂದು ಬೆಳಿಗ್ಗೆ ಮಾಲಕರ ಪೆಟ್ಟಿಗೆಯೊಂದರ ಕೆಳಗಿನ ಅಂತಸ್ತು ತೆರೆದೆ. ರಾಣಿ ಇತ್ತು, ಮೊಟ್ಟೆ ಇರಲಿಲ್ಲ. ಮರಿಯ ಎರಿಗಳೆಲ್ಲ ಬರಿದು. ಮುದಿ ನೊಣಗಳು ಮಾತ್ರ ಅತ್ತಿತ್ತ ಓಡಾಡುತ್ತಿದ್ದವು. ಆಗ ಲೆಕ್ಕ ಹೊಳೆಯಿತು. ರಸ ಕೊಡುವುದು ಎಳೆಯ ನೊಣ. ಎಳೆಯ ನೊಣ ಬರುವುದು ಮರಿಯಿಂದ. ಮರಿ ಬೆಳೆಯುವುದು ಅದೇ ರಸದಿಂದ. ನಾನು ಮೂರು ದಿನಕ್ಕೊಮ್ಮೆ ಮರಿಯನ್ನೂ ತೆಗೆದೆ, ರಸವನ್ನೂ ತೆಗೆದೆ. ಹೂವು ಇದ್ದಷ್ಟು ದಿನ ಅವು ಹೇಗೋ ತುಂಬಿಕೊಂಡವು. ಚೀನಾದಂಥ ಕಡೆ ತಿಂಗಳುಗಟ್ಟಲೆ ಹೂವು ಇರುತ್ತದೆಯಂತೆ, ಅದಕ್ಕಾಗಿಯೇ ಆರಿಸಿ ಬೆಳೆಸಿದ ಜಾತಿಯೂ ಅವರ ಹತ್ತಿರ ಇದೆಯಂತೆ. ನಮ್ಮಲ್ಲಿ ಹೂವಿನ ಕಾಲ ಒಂದು ಬಾಗಿಲು ತೆರೆದು ಮುಚ್ಚಿದಷ್ಟು. ಮುಚ್ಚಿದ ಮೇಲೂ ನಾನು ಹಾಲು ಕರೆಯುತ್ತಲೇ ಇದ್ದೆ.

ಬದುವಿನ ಮೇಲಿನ ಆರು ಪೆಟ್ಟಿಗೆಗಳ ಹತ್ತಿರ ಹೋದೆ. ನೊಣ ಕಡಿಮೆಯಾಗಿದ್ದವು, ಆದರೆ ಪ್ರತಿಯೊಂದರಲ್ಲೂ ಅಂಗೈ ಅಗಲದಷ್ಟು ಜಾಗದಲ್ಲಿ ಮರಿ ಇತ್ತು. ವಾರದಲ್ಲಿ ಮೂರು ದಿನ ಬಿಡುವು ಸಿಕ್ಕಿದ್ದಕ್ಕೆ ಅಷ್ಟು ಉಳಿದಿತ್ತು. ಆದರೂ ರಸ ಅವುಗಳಲ್ಲೂ ನಿಂತಿತ್ತು. ಬಸವಣ್ಣನೂ ಬೇಸಿಗೆಯಲ್ಲಿ ಹಾಲು ತರಿಸಲಾರ. ಉಳಿಸಬಲ್ಲ, ಅಷ್ಟೇ.

ಮಾಲಕರು ಸೋಲುವ ಜಾತಿಯವರಲ್ಲ. "ಏಸಿ ಕೋಣಿ ಕಟ್ಟಸ್ತೀನಿ ರಿ. ಪರಾಗ ಹೊರಗಿಂದ ತರಸ್ತೀನಿ. ನೊಣ ಕಮ್ಮಿ ಆದ್ರ ಮತ್ತ ತರೂಣು" ಅಂದರು. ಅವರ ಮಟ್ಟಿಗೆ ಆ ಮಾತು ಸುಳ್ಳಲ್ಲ. ಆದರೆ ಅಂಕಲಿಯ ತಗಡಿನ ಮನೆಯಲ್ಲಿ ಏಸಿ ಎಲ್ಲಿಂದ ಬರಬೇಕು? ಅಷ್ಟರಲ್ಲಿ ಅವರು ಆ ಕಡೆಯ ಹೆಣ್ಣುಮಕ್ಕಳಿಗೆ ಹೇಳಿ ಕಳಿಸಿ ಆಗಿತ್ತು. ಮುಂದಿನ ಬುಧವಾರ ಎಲ್ಲರೂ ತೋಟಕ್ಕೆ ಬರುತ್ತಾರೆ, ಮಾಸ್ತರ ಎಲ್ಲರ ಮುಂದೆ ಹೌದು ಅಥವಾ ಇಲ್ಲ ಅನ್ನಬೇಕು.

ಆ ವಾರ ನಾನು ಒಂದು ವಾಕ್ಯ ತಯಾರಿಸಿಕೊಂಡೆ: "ಸರಿಯಾದ ನಿರ್ವಹಣೆ ಇದ್ದರೆ ಸಾಧ್ಯ." ಒಳ್ಳೆಯ ವಾಕ್ಯ. ಸುಳ್ಳಲ್ಲ, ನಿಜವೂ ಅಲ್ಲ. ಮುಂದೆ ಪೆಟ್ಟಿಗೆ ಸತ್ತರೆ ನಿರ್ವಹಣೆ ಸರಿ ಇರಲಿಲ್ಲ ಎನ್ನಬಹುದು. ಮಾಲಕರಿಗೆ ಖುಷಿ, ನನ್ನ ಹೆಸರಿಗೆ ಪೆಟ್ಟಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅಕ್ಕನಿಗೆ ಒಂದು ವರ್ಷವಾದರೂ ಕುರ್ಚಿ ಸಿಗುತ್ತಿತ್ತು. ಮಂಗಳವಾರ ಸಂಜೆ ಅವಳೇ ನೇರವಾಗಿ ಕೇಳಿದಳು.

"ನಾಳೆ ಏನಂತೀರಿ ಮಾಸ್ತರ್ರ?"

"ನಿಮ್ಮ ಸಲುವಾಗಿ ಹೌದು ಅನ್ನೂಣು ಅಂತ ಮಾಡೇನಿ" ಅಂದೆ. ಉಪಕಾರ ಮಾಡುವವನ ದನಿ ಇತ್ತು ನನ್ನದು. ಈಗ ನೆನೆದರೆ ನಾಚಿಕೆಯಾಗುತ್ತದೆ. ಅಕ್ಕ ಸೂಜಿಗಳನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿ ಡಬ್ಬಿಗೆ ಹಾಕಿ ಮನೆಗೆ ಹೋದಳು.

ಬುಧವಾರ ಶೆಡ್ಡಿನಲ್ಲಿ ಜಮಖಾನೆ ಹಾಸಿತ್ತು. ಎರಡು ಟೆಂಪೋ ತುಂಬ ಹೆಣ್ಣುಮಕ್ಕಳು ಬಂದಿದ್ದರು. ಕೆಲವರು ಕನ್ನಡದಲ್ಲಿ, ಕೆಲವರು ಮರಾಠಿಯಲ್ಲಿ ಮಾತಾಡುತ್ತಿದ್ದರು. ಮಾಲಕರು ಶೀಶೆ ತೋರಿಸಿದರು, ಲೇಬಲ್ ತೋರಿಸಿದರು. ನಾನು ಎದ್ದು ನಿಂತು ಬಟ್ಟಲು, ಸೂಜಿ, ಮೂರು ದಿನದ ಲೆಕ್ಕ ಎಲ್ಲ ವಿವರಿಸಿದೆ. ಕೊನೆಗೆ ನನ್ನ ವಾಕ್ಯಕ್ಕೆ ಬಂದು, "ಸರಿಯಾದ ನಿರ್ವಹಣೆ ಇದ್ದರೆ..." ಎಂದು ಶುರು ಮಾಡುವಷ್ಟರಲ್ಲಿ ಅಂಕಲಿಯ ಹಿರಿಯಳೊಬ್ಬಳು ನನ್ನನ್ನು ದಾಟಿ ಹಿಂದೆ ಕೂತ ಅಕ್ಕನ ಕಡೆ ನೋಡಿದಳು.

"ಮಾಸ್ತರ್ರು ದೊಡ್ಡವರು ಬಿಡು. ಮರಿ ಇಟ್ಟಾಕಿ ನೀನ ಅಲ್ಲೇನ, ನೀ ಹೇಳವ್ವಾ. ನಮ್ಮಂಥವರ ಮನ್ಯಾಗ ಇದು ಆಗತೈತೇನ?"

ಎಲ್ಲರೂ ತಿರುಗಿದರು. ಅಕ್ಕ ಗೋಡೆ ಹಿಡಿದು ಎದ್ದು ನಿಂತಳು.

"ಹಾಲು ಬರತೈತವ್ವಾ. ಹುಳಾ ಉಳ್ಯಾಂಗಿಲ್ಲ" ಅಂದಳು.  "ನಾವು ಕುರಿ ಕಾಯೂ ಮಂದಿ. ಮರಿ ಕುಡದು ಬಿಟ್ಟದ್ದ ನಮ್ಮ ಹಾಲು. ಇಲ್ಲಿ ಮರೀನೂ ತಗದು ಒಗೀತೀವಿ, ಹಾಲೂ ತಗೊಂತೀವಿ. ಜೋಳ ಹೂವಾದಾಗ ಎರಡು ತಿಂಗಳ ತಡಕೊಂತಾವ. ಬ್ಯಾಸಗಿ ಬಿತ್ತಂದ್ರ ಪೆಟ್ಟಿಗಿ ಖಾಲಿ. ಜೇನತುಪ್ಪಕ್ಕ ಇಟಗೋರಿ, ಚೊಲೋ ಅದಾವ. ಇದಕ್ಕ ಬ್ಯಾಡ್ರಿ."

 ಮಾಲಕರು ನನ್ನ ಮುಖ ನೋಡಿದರು. ನನ್ನ ಕೈಯಲ್ಲಿ ಆ ವಾಕ್ಯ ಇನ್ನೂ ಇತ್ತು, ಅರ್ಧ ಹೇಳಿ ನಿಲ್ಲಿಸಿದ್ದು. ಅದನ್ನು ಮುಗಿಸಿದ್ದರೆ ಅಕ್ಕನನ್ನು ಎಲ್ಲರ ಮುಂದೆ ಸುಳ್ಳುಗಾರ್ತಿ ಮಾಡಿದ ಹಾಗೆ. ನಾನು ಮುಗಿಸಲಿಲ್ಲ. "ಅಕ್ಕ ಹೇಳಿದ್ದು ಖರೆ. ಮಾಲಕರ ಇಪ್ಪತ್ತನಾಲ್ಕು ಪೆಟ್ಟಿಗ್ಯಾಗ ಇವತ್ತ ಜೀವ ಇದ್ದದ್ದು ಹನ್ನೊಂದು. ಇಪ್ಪತ್ತನಾಲ್ಕನ್ನೂ ಕಾಯ್ದವ ನಾನ. ಅಕ್ಕಂದು ಆರಕ್ಕ ಆರೂ ಅದಾವ, ಆದ್ರ ಹಾಲು ಇಲ್ಲ" ಎಂದೆ. ಮಾಲಕರಿಗೆ ಬರಹದಲ್ಲಿಯೂ ಅದನ್ನೇ ಕೊಟ್ಟೆ. ಜೋಳ ಹೂವಿರುವ ಎಂಟು ಹತ್ತು ವಾರ, ತಂಪು ಕೋಣೆ, ನಿಲ್ಲದ ಕರೆಂಟು, ವಾರಕ್ಕೊಂದೇ ಸಲ ತೆಗೆಯುವ ಶಿಸ್ತು ಇದ್ದವರಿಗೆ ಸ್ವಲ್ಪ ಸಿಕ್ಕೀತು. ಮನೆಮನೆಯ ಕಸುಬಾಗಿ ಇಲ್ಲ.

ಹೆಣ್ಣುಮಕ್ಕಳು ಚಹಾ ಕುಡಿದು ಹೋದರು. ಮಾಲಕರು ಬಹಳ ಹೊತ್ತು ಲೇಬಲಿನ ಕಟ್ಟು ಹಿಡಿದು ಕೂತಿದ್ದರು. ಸಿಟ್ಟಿಗಿಂತ ಹೆಚ್ಚಾಗಿ ಬೇಸರ ಇತ್ತು ಅವರ ದನಿಯಲ್ಲಿ.

"ಅಕ್ಕಾ, ನಿನ್ನ ಕೈಯಾಗಿನ ಕೆಲಸ ನೀನ ಕಳಕೊಂಡಿ."

"ಗೊತ್ತೈತ್ರಿ" ಅಂದಳು ಅಕ್ಕ.

ಅವಳು ತನ್ನ ಆರು ಪೆಟ್ಟಿಗೆಗಳನ್ನು ನನ್ನ ಸುಪರ್ದಿಗೆ ಕೊಟ್ಟಳು. ಚಿಕ್ಕೋಡಿಯ ನನ್ನ ಹಿತ್ತಲಲ್ಲಿ ಬೇವು, ಹೊಂಗೆ ಇವೆ. ಬೇಸಿಗೆಗೆ ಅಷ್ಟು ಆಸರೆ ಸಾಕು. ತೋಟದಲ್ಲಿ ಬೇರೇನಾದರೂ ಕೂತು ಮಾಡುವ ಕೆಲಸ ಸಿಕ್ಕೀತೇ ಎಂದು ನಾನು ಮಾಲಕರನ್ನು ಎರಡು ಸಲ ಕೇಳಿದೆ. ದ್ರಾಕ್ಷಿ ಸುಗ್ಗಿ ಮುಗಿದಿತ್ತು, ಇರಲಿಲ್ಲ.

ಯುಗಾದಿಯಾಗಿ ಎಂಟು ದಿನಕ್ಕೆ ಬೆಳಿಗ್ಗೆ ರಾಯಬಾಗದ ಕಡೆ ಹೋಗುವಾಗ ರಸ್ತೆ ತುಂಬ ಕುರಿಗಳು ಅಡ್ಡ ಬಂದವು. ಬೈಕು ನಿಲ್ಲಿಸಿದೆ. ಮುಂದೆ ಅಕ್ಕನ ಗಂಡ, ಸಾಮಾನು ಹೊತ್ತ ಕುದುರೆ. ಹಿಂದೆ ಬಹಳ ಹಿಂದೆ, ಎಳೆಯ ಮರಿಯೊಂದನ್ನು ಕಂಕುಳಲ್ಲಿ ಒತ್ತಿಕೊಂಡು, ಎಡಗಾಲು ಎಳೆಯುತ್ತ ಅಕ್ಕ ಬರುತ್ತಿದ್ದಳು. ನನ್ನನ್ನು ನೋಡಿ ನಿಂತಳು.

"ಹುಳಾ ಹ್ಯಾಂಗದಾವ್ರಿ ಮಾಸ್ತರ್ರ?"

"ಆರೂ ಚೊಲೋ ಅದಾವ್ರಿ. ಬೇವು ಹೂವಾಗೇತಿ."

"ಆತಲ್ಲ ಮತ್ತ" ಎಂದು ನಕ್ಕಳು.  ಆ ಬುಧವಾರ ಅವಳು ಸುಮ್ಮನಿದ್ದಿದ್ದರೆ ಈ ಹೊತ್ತಿನಲ್ಲಿ ಕುರ್ಚಿಯ ಮೇಲೆ ಇರುತ್ತಿದ್ದಳು. ಗಾಡಿಯ ಹಿಂದಿನ ಸೀಟು ಒರೆಸಿ, "ಹತ್ರಿ ಅಕ್ಕಾರ, ಬಿಡಾರದ ತನಕ ಬಿಡ್ತೀನಿ" ಅಂದೆ. ಬೇಡ ಅನ್ನುತ್ತಾಳೆ ಎಂದುಕೊಂಡಿದ್ದೆ. ಅನ್ನಲಿಲ್ಲ. ಮರಿಯನ್ನು ಮಡಿಲಲ್ಲಿ ಇಟ್ಟುಕೊಂಡು ಒಂದೇ ಪಕ್ಕಕ್ಕೆ ಕಾಲು ಬಿಟ್ಟು ಕೂತಳು. ರಾಯಬಾಗದ ಕೆಲಸ ಬಿಟ್ಟು, ಮೊದಲ ಗೇರಿನಲ್ಲಿ, ಕುರಿಗಳ ನಡಿಗೆಗೆ ಸರಿಯಾಗಿ ಗಾಡಿ ಓಡಿಸಿದೆ. ಹಿಂಡಿನ ಬಿಡಾರ ಬೀಳುವ ಹೊಲ ಸೇರುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಕ್ಕ ಇಳಿದು, ಬಗ್ಗಿ ಹರಡು ತಿಕ್ಕಿಕೊಂಡು, ಮರಿಯನ್ನು ಅದರ ತಾಯಿಯ ಹತ್ತಿರ ಬಿಟ್ಟಳು. ಮರುದಿನದ ದಾರಿ ಇದಕ್ಕಿಂತ ಉದ್ದ ಎಂದು ಅವಳ ಗಂಡ ಹೇಳಿದ. ಆ ದಾರಿಗೆ ನನ್ನ ಗಾಡಿ ಇರಲಿಲ್ಲ.